ನೆಲುವಿನ ಕುಡಿಕೆ

"ವರ್ಸ ತುಂಬೋಗಂಟ ಆ ಕುಡಿಕೆ ಬಾಯಿ ಬಿಚ್ಬ್ಯಾಡ ಕಣ್ಲಾ ಸಿವರಾಮು," ಎಂದಳು ಪುಟ್ಟಮಾದಮ್ಮ. "ಆ ಒಲೇನೂ ಅಚ್ಬ್ಯಾಡ. ಅಸುದ್ರೆ ನಮ್ಮನೇಗ್ ಬಾ, ಒಂದು ಮುದ್ದೆ ಇಕ್ತೀನಿ. ಸಾಯಾಕ್ ಮುಂಚೆ ಕುಸುಮ ನನ್ ಕೈ ಇಡ್ಕಂಡು ಯೋಳಿರೋ ಮಾತು ಇದು."

ಶಿವರಾಮು ನಕ್ಕುಬಿಟ್ಟ.

ನಗದೆ ಇನ್ನೇನು ಮಾಡಿಯಾನು? ವಯಸ್ಸಿನ ಬಹುಭಾಗವನ್ನು ಬೋರ್‌ವೆಲ್ ಗಾಡಿಯ ಮೇಲೆ ಸವೆಸಿದ ಆಳು ಅವನು. ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿಕೊಂಡು ಹೊಲವೆಲ್ಲ ಸುತ್ತಿ, "ಇಲ್ಲೇ ಅವ್ಳೆ ಗಂಗಮ್ಮ" ಎಂದು ಕಣ್ಣು ಮೇಲೆ ಮಾಡಿದವರನ್ನು ಎಷ್ಟು ನೋಡಿದ್ದನೋ ಲೆಕ್ಕವಿಲ್ಲ. ಅವರು ತೋರಿಸಿದ ಜಾಗದಲ್ಲಿ ಕೊರೆದರೆ ಬಿಳಿ ಧೂಳು ಎದ್ದು ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ಅವರು ಅದೇ ತೆಂಗಿನಕಾಯಿ ಒಡೆದು ತಿಂದು ಜಾಗ ಖಾಲಿ ಮಾಡಿರುತ್ತಿದ್ದರು. ಭೂಮಿಯೊಳಗೆ ಕಲ್ಲಿದೆ, ಕಲ್ಲಿನ ಸಂದಿಯಲ್ಲಿ ಅದೃಷ್ಟವಿದ್ದರೆ ನೀರಿದೆ, ಬೇರೇನೂ ಇಲ್ಲ ಎಂಬುದು ಅವನ ವೇದಾಂತ.

"ಯಾಕೆ ಚಿಕ್ಕವ್ವ, ನನ್ನೆಂಡ್ತಿ ಅದ್ರೊಳಗೆ ದೆವ್ವ ಕೂಡಾಕವ್ಳಾ?"

ಪುಟ್ಟಮಾದಮ್ಮ ಅವನ ತಾಯಿಯ ತಂಗಿ, ಎದುರು ಮನೆಯವಳು. ಬೆನ್ನು ಬಾಗಿದ್ದರೂ ಬಾಯಿ ಬಾಗದ ಮುದುಕಿ. ಅಂಥವಳು ಬೀದಿಯ ಆ ಕೊನೆ ಈ ಕೊನೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಉಸಿರಿನಷ್ಟೇ ಸಣ್ಣ ದನಿಯಲ್ಲಿ ಹೇಳಿದಳು: "ಮದ್ದು."

ಮಳವಳ್ಳಿ ಸೀಮೆಯಲ್ಲಿ ಆ ಮಾತು ಕೇಳಿ ಬೆಳೆಯದ ಮಕ್ಕಳಿಲ್ಲ. ಕೆಲವರ ಮನೆಯಲ್ಲಿ ಅದು ಇರುತ್ತದಂತೆ. ಅಮಾವಾಸ್ಯೆ ಬಂತೆಂದರೆ ಅದಕ್ಕೆ ಒಬ್ಬರು ಬೇಕಂತೆ. ಅನ್ನದಲ್ಲೋ ಸಾರಿನಲ್ಲೋ ಸಾಸಿವೆ ಕಾಳಿನಷ್ಟು ಬೆರೆಸಿ ಇಕ್ಕಿದರೆ ಸಾಕು. ಉಂಡವರು ಕೂಡಲೇ ಸಾಯುವುದಿಲ್ಲ, ಬುಡಕ್ಕೆ ಗೆದ್ದಲು ಹಿಡಿದ ಗಿಡದ ಹಾಗೆ ನಿಂತಲ್ಲೇ ಒಣಗುತ್ತಾರಂತೆ. ಹೊರಗಿನವರು ಸಿಗದಿದ್ದರೆ ಮನೆಯವರಿಗೇ ಇಕ್ಕಬೇಕಂತೆ. ಇಂಥವರ ಮನೆಯಲ್ಲಿದೆ ಎಂದು ಊರು ಒಮ್ಮೆ ಬೆರಳು ತೋರಿಸಿತೆಂದರೆ ಮುಗಿಯಿತು, ಆ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಶಿವರಾಮು ಊರಲ್ಲಿಲ್ಲದ ವರ್ಷಗಳಲ್ಲಿ ಊರು ಅವನ ಹೆಂಡತಿಯ ಕಡೆಗೇ ಬೆರಳು ತೋರಿಸಿತ್ತು.

"ನೀನೂ ಊರೋರ್ ಜೊತೆ ಸೇರ್ಕಂಡಾ ಚಿಕ್ಕವ್ವ?" ಅವನ ನಗು ಹೋಗಿತ್ತು. "ಸತ್ತ ಮ್ಯಾಲೂ ಬುಡಲ್ವಾ ಅವ್ಳ?"

"ಊರೋರು ಅನ್ನೋದು ಬ್ಯಾರೆ, ನಾನ್ ಯೋಳೋದು ಬ್ಯಾರೆ. ಒಸಿ ಕೂತ್ಕಂಡು ಕೇಳು..."

ಶಿವರಾಮು ಮಾತು ತುಂಡರಿಸಿದ. "ಮಾಲಯ ಅಮಾಸೆಗೆ ನನ್ ಮಗ್ಳು ಬತ್ತಾವ್ಳೆ, ಅವ್ಳ ಕೂಸು ಬತ್ತದೆ. ನಮ್ಮನೇಲೇ ಅಡಿಗೆ ಮಾಡಿ, ಕುಸುಮಂಗೆ ಎಡೆ ಇಕ್ಕಿ, ನಮ್ಮನೇಲೇ ಉಣ್ತೀವಿ. ಊರೋರು ಬೇಕಾದ್ರೆ ಬಾಗ್ಲಲ್ಲಿ ನಿಂತ್ಕಂಡು ನೋಡ್ಲಿ."

ಮುದುಕಿ ಅವನ ರಟ್ಟೆ ಹಿಡಿದುಕೊಂಡಳು. "ವರ್ಸ ತುಂಬ್ದಿರೋರ್ಗೆ ಎಡೆ ಇಕ್ಬಾರ್ದು ಕಣೋ. ಕರುದ್ರೆ ಬಂದ್ಬುಡ್ತಾರೆ."

"ಬರ್ಲಿ ಬುಡು. ಅವ್ಳ ಮೊಕ ನೋಡಿ ನಂಗೂ ಸ್ಯಾನೆ ದಿನ ಆಯ್ತು," ಎಂದು ಕೈ ಬಿಡಿಸಿಕೊಂಡು ಅವನು ಬೀದಿ ದಾಟಿದ. ಕೇಳಬೇಕಾಗಿದ್ದ ಮಾತು ಮುದುಕಿಯ ಬಾಯಲ್ಲೇ ಉಳಿಯಿತು.

ಕುಸುಮ ಸತ್ತದ್ದು ಆಷಾಢದಲ್ಲಿ. ಸಾಯುವ ಹೊತ್ತಿಗೆ ಅವಳಲ್ಲಿ ಉಳಿದಿದ್ದದ್ದು ಕಣ್ಣು, ಮೂಗುತಿ, ಮೂಳೆ. ಮಂಡ್ಯಕ್ಕೆ ಕರೆದೊಯ್ದದ್ದಾಯಿತು, ಮೈಸೂರಿಗೂ ಕರೆದೊಯ್ದದ್ದಾಯಿತು. ಹೊಟ್ಟೆಯಲ್ಲಿ ಏನೋ ಇದೆ, ಏನೆಂದು ತಿಳಿಯುತ್ತಿಲ್ಲ ಎಂದರು ಡಾಕ್ಟರು.

ಬದುಕಿದ್ದಷ್ಟು ದಿನ ಆ ಹೆಂಗಸು ಒಬ್ಬೊಬ್ಬರನ್ನೇ ಮನೆಯಿಂದ ದೂಡಿದ್ದಳು. ನಾದಿನಿಯರು ಬಂದರೆ ಒಂದು ಲೋಟ ಕಾಫಿ ಕೊಡಳು. ಹಬ್ಬಕ್ಕೆ ಬಂದ ಮೈದುನನ ಮುಂದೆ ಎಲೆ ಹಾಸಿದವಳು, ಅವನು ಕೈ ಇಡುವ ಮೊದಲೇ ಎಲೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಇದೆಲ್ಲ ಹೋಗಲಿ. ಬಾಣಂತನಕ್ಕೆಂದು ತುಂಬಿದ ಹೊಟ್ಟೆ ಹೊತ್ತು ಮದ್ದೂರಿನಿಂದ ಬಸ್ಸಿನಲ್ಲಿ ಬಂದ ಒಬ್ಬಳೇ ಮಗಳು ದೀಪಿಕಳನ್ನೂ ಹೊಸ್ತಿಲಲ್ಲಿ ತಡೆದಿದ್ದಳು. "ಈ ಒಸ್ಲು ತುಳೀಬ್ಯಾಡ. ನಿಂಗೆ ತವರು ಸತ್ತೋಯ್ತು ಅನ್ಕೋ," ಎಂದು ಬಾಗಿಲು ಹಾಕಿಕೊಂಡಿದ್ದಳು. ದೀಪಿಕ ಜಗಲಿಯ ಮೇಲೆ ಕೂತು ಅತ್ತು, ಅದೇ ಬ್ಯಾಗು ಹಿಡಿದು ಮುಂದಿನ ಬಸ್ಸಿಗೆ ವಾಪಸು ಹೋದಳು. ಹೆತ್ತ ತಾಯಿ ಮಾಡುವ ಕೆಲಸವೇ ಅದು?

ಶಿವರಾಮು ಆಗ ಚಳ್ಳಕೆರೆಯ ಕಡೆ ಬೋರ್ ಕೊರೆಯುತ್ತಿದ್ದ. ಫೋನಿನಲ್ಲಿ ಬಾಯಿಗೆ ಬಂದಂತೆ ಬೈದ. ಆ ಕಡೆಯಿಂದ ಒಂದು ಮಾತಿಲ್ಲ, ಬರೀ ಉಸಿರು. ಅಂದಿನಿಂದ ಅವನ ಮನಸ್ಸೂ ಒಡೆಯಿತು. ಊರಿಗೆ ಬರುವುದು ಕಡಿಮೆಯಾಯಿತು, ಬಂದರೂ ಮಳವಳ್ಳಿಯ ಹೋಟೆಲಿನಲ್ಲಿ ಉಂಡು ಬಂದು ಮಲಗುವುದಾಯಿತು. ಅವಳು ಹಾಸಿಗೆ ಹಿಡಿದ ಮೇಲಷ್ಟೇ ಕೆಲಸ ಬಿಟ್ಟು ಬಂದದ್ದು. ತನ್ನ ಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ತಿಳಿಯದ ಗಂಡಸು ಅವನು.

ಹೆಣ ನೋಡಲು ಬಂದ ದೀಪಿಕ ಬೀದಿಯಲ್ಲೇ ನಿಂತಿದ್ದು, ತೊಟ್ಟು ನೀರೂ ಕುಡಿಯದೆ ಹೋಗಿದ್ದಳು. ಅವಳ ಮಗಳು ಬಿಂದುಶ್ರೀಗೆ ಶಾಲೆಗೆ ಹೋಗುವ ವಯಸ್ಸು. ತಾತ ಯಾರೆಂದು ತಾಯಿ ತೋರಿಸಿದ ಮೇಲೇ ಆ ಮಗುವಿಗೆ ತಿಳಿದದ್ದು. ಆವತ್ತಿನಿಂದ ಶಿವರಾಮುವಿಗೆ ಒಂದೇ ಹಟ. ಆ ಇಬ್ಬರೂ ಈ ಮನೆಯೊಳಗೆ ಕೂತು ತನ್ನ ಕೈಯ ಒಂದು ತುತ್ತು ಉಣ್ಣಬೇಕು. ಕುಸುಮ ಮುರಿದದ್ದನ್ನು ತಾನು ಕಟ್ಟಬೇಕು. ಹಾಗೆಯೇ, ಸತ್ತವಳ ಮೇಲೆ ಊರು ಹೊರಿಸಿದ ಅಪವಾದವನ್ನೂ ಕಳೆಯಬೇಕು.

ಬೇಡುತ್ತ ಬೇಡುತ್ತ ಫೋನು ಮಾಡಿದ ಮೇಲೆ ದೀಪಿಕ ಒಪ್ಪಿದ್ದಳು. "ಎಡೆ ಇಡೋ ಹೊತ್ತಿಗೆ ಬಂದು ಹೋಗ್ತೀನಿ, ಅಷ್ಟೇ ಅಪ್ಪ."

ಅಷ್ಟೇ ಸಾಕಾಗಿತ್ತು ಅವನಿಗೆ. ಮನೆ ಒಪ್ಪ ಮಾಡಲು ಕೂತ.

ಅಡಿಗೆಮನೆಯ ಪಾತ್ರೆಗಳೆಲ್ಲ ಬೋರಲು ಬಿದ್ದಿದ್ದವು, ಮೇಲೆ ಬೆರಳು ಹೂಳುವಷ್ಟು ಧೂಳು. ಬಳಸಿ ಸವೆದದ್ದು ಒಂದು ತಟ್ಟೆ, ಒಂದು ಲೋಟ, ಒಂದು ಸಣ್ಣ ಬೋಸಿ. ಅವನ್ನು ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದಳು. ಆ ಮೂಲೆಯ ಗೋಡೆಗೆ, ಕೂತವರ ತಲೆಯ ಮಟ್ಟದಲ್ಲಿ, ಒಂದು ಕಪ್ಪು ಜಿಡ್ಡಿನ ಕಲೆ. ಶಿವರಾಮು ಬಟ್ಟೆ ಒದ್ದೆ ಮಾಡಿ ಉಜ್ಜಿದ, ಹೋಗಲಿಲ್ಲ. ಆಗ ನೆನಪಾಯಿತು: ಎಂದೋ ಒಂದು ಅಮಾವಾಸ್ಯೆಯಂದು ಹೇಳದೆ ಕೇಳದೆ ಮನೆಗೆ ಬಂದಾಗ, ಇದೇ ಮೂಲೆಯಲ್ಲಿ ಗೋಡೆಗೆ ಹಣೆ ಊರಿಕೊಂಡು ಇವಳು ಏನೋ ತಿನ್ನುತ್ತಿದ್ದಳು. "ಕದ್ದು ತಿನ್ನೋ ಚಪಲ ಬ್ಯಾರೆ ಬಂತಾ?" ಎಂದು ಅವನು ಕುಹಕವಾಡಿದ್ದ. ಅವಳು ತಿರುಗಿರಲಿಲ್ಲ. ಹೆಗಲು ಮಾತ್ರ ನಡುಗಿತ್ತು.

ಸೂರಿನ ಕೊಂಡಿಯಿಂದ ಹಗ್ಗದ ನೆಲುವು ಇಳಿಬಿದ್ದಿತ್ತು. ಹಿಂದೆ ಬೆಕ್ಕಿಗೆ ಎಟುಕದಿರಲೆಂದು ಹಾಲು ಮೊಸರಿನ ಮಡಕೆ ತೂಗುಹಾಕುತ್ತಿದ್ದ ನೆಲುವು. ಅವನ ತಾಯಿ ಚಿಕ್ಕಬೋರಮ್ಮನ ಕಾಲದ್ದು. ಅದರಲ್ಲಿ ಕೂತಿತ್ತು ಆ ಕರಿ ಕುಡಿಕೆ. ಬಾಯಿಗೆ ಕುಸುಮಳ ಹಳೇ ಸೀರೆಯ ಚೂರು, ಅದರ ಮೇಲೆ ಅರಿಸಿನದ ದಾರದ ಸುತ್ತು. ಕಿಟಕಿ ಮುಚ್ಚಿತ್ತು, ಗಾಳಿಯಿರಲಿಲ್ಲ. ಆದರೂ ನೆಲುವು ತೂಗುತ್ತಿತ್ತು, ಮಗು ಮಲಗಿದ ತೊಟ್ಟಿಲಿನ ಹಾಗೆ, ಮೆಲ್ಲಗೆ. ಅದರ ಕೆಳಗೆ ನಿಂತರೆ ಒದ್ದೆ ಮಣ್ಣಿನ ವಾಸನೆ, ಅದರ ಹಿಂದೆ ಸುಟ್ಟ ಕೂದಲಿನ ವಾಸನೆ. ಎಲ್ಲೋ ತೊಟ್ಟಿಕ್ಕುವ ಸದ್ದು. ನೀರಿನ ಸದ್ದು ಹುಡುಕುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಲ್ಲಿ ನೋಡಿದ, ಕೊಡ ನೋಡಿದ, ಗೋಡೆಗೆ ಕಿವಿ ಕೊಟ್ಟ. ಎಲ್ಲ ಒಣಗಿತ್ತು. ತೊಟ್ಟಿಕ್ಕುವುದು ನಿಲ್ಲಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಮಳವಳ್ಳಿಯಿಂದ ಮೀನು ತಂದ. ಕುಸುಮಳಿಗೆ ಪ್ರಾಣ ಮೀನು ಸಾರು, ದೀಪಿಕಳಿಗೂ. ಗಾಡಿಯ ಹುಡುಗರಿಗೆಲ್ಲ ಬೇಯಿಸಿ ಹಾಕಿದ ಕೈ ಅವನದು, ಮೀನು ಸಾರೇನು ಮಹಾ. ಮಸಾಲೆ ರುಬ್ಬಿ ಒಲೆ ಹಚ್ಚಿದ ಮೇಲೆ ನೋಡುತ್ತಾನೆ, ಹುಣಸೆಹಣ್ಣಿಲ್ಲ. ಹುಳಿಯಿಲ್ಲದ ಮೀನು ಸಾರನ್ನು ನಾಯಿಯೂ ಮೂಸುವುದಿಲ್ಲ. ಊರಿನ ಅಂಗಡಿ ಹಬ್ಬಕ್ಕೆಂದು ಬಾಗಿಲು ಹಾಕಿತ್ತು. ಪಕ್ಕದ ಮನೆಗೆ ಹೋಗಿ ಕೈಯೊಡ್ಡೋಣವೆಂದರೆ, ಇವನ ಮನೆಯ ಬಟ್ಟಲು ಕಂಡರೆ ಅವರು ಬಾಗಿಲು ಮುಂದಕ್ಕೆ ಎಳೆಯುವವರು. ಚಿಕ್ಕವ್ವನನ್ನು ಕೇಳಿದರೆ ಒಲೆ ಹಚ್ಚಿದ್ದಕ್ಕೇ ರಂಪ.

ಕಣ್ಣು ನೆಲುವಿನ ಮೇಲೆ ಹೋಯಿತು.

ಮಣೆ ಹತ್ತಿ ಕುಡಿಕೆ ಇಳಿಸಿಕೊಂಡ. ನೋಟಕ್ಕಿಂತ ಭಾರವಿತ್ತು, ಅಂಗೈಗೆ ಬೆಚ್ಚಗಿತ್ತು. ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ. ಬಟ್ಟೆ ಬಿಚ್ಚಿ ನೋಡಿದರೆ, ಒಳಗೆ ಕಪ್ಪಗೆ ಮಿರುಗುವ, ಉಪ್ಪು ಹಾಕಿ ತುಳಿದಿಟ್ಟ ಹಳೇ ಹುಣಸೆಹಣ್ಣು. ಹಳೆಯದಾದಷ್ಟೂ ಮೀನಿಗೆ ಅಮೃತ.

"ಇದೇನಾ ನಿಮ್ ಮದ್ದು?" ಎಂದು ಗಟ್ಟಿಯಾಗಿ ನಕ್ಕ. ಎದುರು ಮನೆಗೂ ಕೇಳಲಿ ಎಂದೇ ನಕ್ಕ. ಒಂದು ಹುಣಸೆಹಣ್ಣಿನ ಕುಡಿಕೆಗೆ ಹೆದರಿ ಊರಿಗೆ ಊರೇ ನನ್ನ ಹೆಂಡತಿಯನ್ನು ಹೊರಗಿಟ್ಟಿತಲ್ಲ ಎಂದು ಹೊಟ್ಟೆ ಉರಿಯಿತು. ನಿಂಬೆಯಷ್ಟು ಕಿತ್ತು, ಕಿವುಚಿ, ಸಾರಿಗೆ ಸುರಿದು, ಕುಡಿಕೆಯನ್ನು ಮತ್ತೆ ನೆಲುವಿನಲ್ಲಿಟ್ಟ. ಸಾರು ಒಮ್ಮೆ ಉಕ್ಕಿ ತಣ್ಣಗಾಯಿತು, ಮತ್ತೆ ಕುದಿಯಿತು. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿ ಉಪ್ಪು ನೋಡಿದ. ಎಡೆಗೆ ಮುಂಚೆ ರುಚಿ ನೋಡಬಾರದು ಎಂಬುದು ಆಮೇಲೆ ನೆನಪಾಯಿತು. ಗಾಡಿಯ ಅಡಿಗೆಯ ಅಭ್ಯಾಸ, ಏನು ಮಾಡುವುದು. ರುಚಿ ಚೆನ್ನಾಗಿತ್ತು. ಜೀವಮಾನದಲ್ಲಿ ಅಷ್ಟು ರುಚಿಯಾದ ಸಾರು ಅವನು ಮಾಡಿರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ದೀಪಿಕ ಬಂದಳು. ಹೊಸ್ತಿಲ ಹತ್ತಿರ ಅವಳ ಕಾಲು ತಾನಾಗಿ ನಿಂತಿತು.

"ಬಾರವ್ವ, ಒಳೀಕ್ ಬಾ. ನಿನ್ ಮನೆ ಕಣವ್ವ ಇದು," ಎಂದ ಶಿವರಾಮು.

ಬಿಂದು ಮಾತ್ರ ಯಾರ ಅಪ್ಪಣೆಗೂ ಕಾಯದೆ ಒಳಗೆ ಓಡಿ, ಮೂಗರಳಿಸಿ, "ತಾತ, ಮೀನಾ?" ಎಂದಳು. ಅವನಿಗೆ ಕಣ್ಣು ತುಂಬಿ ಬಂತು. ಒಂದು ಹೋಳು ತಟ್ಟೆಗೆ ಹಾಕಿ, ಮುಳ್ಳು ಬಿಡಿಸಿ, ಊದಿ ಆರಿಸಿ ಮಗುವಿನ ಬಾಯಿಯ ಹತ್ತಿರ ತಂದ. ಮಗು ಬಾಯಿ ತೆರೆಯಿತು.

"ಎಡೆಗ್ ಮುಂಚೆ ಕೊಡ್ಬಾರ್ದಪ್ಪ," ಎಂದು ದೀಪಿಕ ಅವನ ಕೈ ಹಿಡಿದಳು. "ಅವ್ವ ಉಂಡ್ಮೇಲೆ ಉಣ್ಣಣ."

ಸರಿ ಎಂದು ಹೋಳನ್ನು ವಾಪಸು ಪಾತ್ರೆಗೆ ಹಾಕಿದ.

ಹೊತ್ತು ಕಳೆಯಲೆಂದು ಅಪ್ಪ ಮಗಳು ಕುಸುಮಳ ಟ್ರಂಕು ತೆಗೆದರು. ಮೇಲೆ ಸೀರೆಗಳು, ನುಸಿಗುಳಿಗೆಯ ವಾಸನೆ. ಅಡಿಯಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿದ ಒಂದು ಗಂಟು. ದೀಪಿಕ ಬಿಚ್ಚಿದಳು. ಕೆಂಪು ಅಂಚಿನ ಕುಲಾವಿ. ಹಳೇ ಮೆತ್ತನೆ ಸೀರೆಗಳನ್ನು ಸೇರಿಸಿ ಹೊಲಿದ ಪುಟ್ಟ ಕೌದಿ. ಕೂಸಿನ ಕಾಲಿಗೆ ಕಟ್ಟುವ ಕರಿಮಣಿ. ಬಾಣಂತಿಯ ಸೊಂಟಕ್ಕೆ ಬಿಗಿಯುವ ಉದ್ದನೆ ಬಟ್ಟೆ, ಮಡಿಕೆ ಕೂಡ ಮುರಿಯದ್ದು.

"ಎಲ್ಲ ಹೊಲಿದಿಟ್ಟಿದ್ಲು," ಎಂದಳು ದೀಪಿಕ. ಆಮೇಲೆ ಬಿಕ್ಕಿದಳು. "ಮತ್ಯಾಕಪ್ಪ ನನ್ನ ಒಳಗೆ ಬಿಟ್ಕೊಳ್ಲಿಲ್ಲ?"

ಅವನು ಮಗಳ ತಲೆ ಸವರಿದ. ಅವಳು ಹಾಗೆಯೇ ಅವನ ಎದೆಗೆ ಒರಗಿ ಅತ್ತಳು, ಚಿಕ್ಕವಳಿದ್ದಾಗ ಜ್ವರ ಬಂದರೆ ಒರಗುತ್ತಿದ್ದ ಹಾಗೆ. ಇಷ್ಟು ವರ್ಷ ಬಾರದ ಮಗಳು ಕೈಗೆ ಬಂದಿದ್ದಳು.

ಹೊತ್ತು ಮುಳುಗಿತು. ನಡುಮನೆಯಲ್ಲಿ ಕುಸುಮಳ ಫೋಟೋದ ಮುಂದೆ ಬಾಳೆಎಲೆ ಹಾಸಿ, ಮುದ್ದೆ, ಅನ್ನ, ಮೀನು ಸಾರು, ವಡೆ, ಎಲೆಅಡಿಕೆ, ಅವಳ ನೀಲಿ ಸೀರೆ, ಎಲ್ಲ ಇಟ್ಟರು. ಎಣ್ಣೆ ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಬಾಗಿಲು ಎಳೆದುಕೊಂಡು ಮೂವರೂ ಜಗಲಿಯ ಮೇಲೆ ಕೂತರು. ಸತ್ತವರು ಬಂದು ಉಣ್ಣುವಾಗ ಒಳಗೆ ಯಾರೂ ಇರಬಾರದು; ಆಮೇಲೆ ಕೆಮ್ಮಿ, ಸದ್ದು ಕೊಟ್ಟು ಬಾಗಿಲು ತೆಗೆಯಬೇಕು. ಅದು ಹಿಂದಿನಿಂದ ಬಂದ ಪದ್ಧತಿ.

ಕರೆಂಟು ಹೋಯಿತು. ಬೀದಿಗೆ ಬೀದಿಯೇ ಕಪ್ಪಾಯಿತು. ಎದುರಿನ ಜಗಲಿಯ ಮೇಲೆ ಪುಟ್ಟಮಾದಮ್ಮನ ಬಿಳಿ ತಲೆ ಮಾತ್ರ ಕಾಣುತ್ತಿತ್ತು. ಎಲ್ಲೋ ಒಂದು ನಾಯಿ ಬೊಗಳಲು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, ಕುಂಯ್ ಎಂದಿತು.

ಒಳಗೆ ಬಳೆ ಸದ್ದಾಯಿತು.

ದೀಪಿಕ ಅಪ್ಪನ ಕಡೆ ನೋಡಿದಳು. "ಬೆಕ್ಕೇನೋ," ಎಂದ ಅವನು.

ಬೆಕ್ಕಿಗೆ ಬಳೆ ಎಲ್ಲಿಂದ ಬಂತು? ಎಲೆ ಹರಿದ ಸದ್ದು. ಏನನ್ನೋ ಗಬಗಬನೆ ನುಂಗಿದ ಸದ್ದು. ಮುಳ್ಳು ಅಗಿದ ಸದ್ದು. ಆಮೇಲೆ ಅಡಿಗೆಮನೆಯಲ್ಲಿ ಪಾತ್ರೆ ಎಳೆದ ಸದ್ದು.

"ಅಜ್ಜಿ ಉಣ್ತಾ ಐತೆ," ಎಂದಿತು ಮಗು, ಸಹಜವಾಗಿ. "ನಂಗೂ ಹಸಿವು."

ಎಡೆ ನಡುಮನೆಯಲ್ಲಿತ್ತು. ಅಡಿಗೆಮನೆಗೆ ಅವಳೇಕೆ ಹೋದಳು? ಶಿವರಾಮು ಎದ್ದ. ಕೆಮ್ಮಲಿಲ್ಲ. ಸದ್ದು ಕೊಡಲಿಲ್ಲ. ಮಗಳಿಗೆ ಅಲ್ಲೇ ಇರುವಂತೆ ಸನ್ನೆ ಮಾಡಿ ಬಾಗಿಲು ತಳ್ಳಿದ.

ದೀಪ ಉರಿಯುತ್ತಿತ್ತು. ಎಲೆ ಬರಿದಾಗಿತ್ತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಒಂದು ಹೆಜ್ಜೆ. ಇನ್ನೊಂದು. ಅಡಿಗೆಮನೆಯ ಕದ ತೆರೆದಿತ್ತು. ನೆಲುವು ತೂಗುತ್ತಿತ್ತು. ಮೂಲೆಯಲ್ಲಿ ನೀಲಿ ಸೀರೆ. ಬಿಚ್ಚಿದ ಕೂದಲು. ಬೆನ್ನಿನ ಮೂಳೆ. ಗೋಡೆಗೆ ಹಣೆ. ಮೀನಿನ ಪಾತ್ರೆ ತೊಡೆಯ ಮೇಲೆ. ಎರಡೂ ಕೈ ಪಾತ್ರೆಯೊಳಗೆ. ತಿನ್ನುತ್ತಿದ್ದಳು. ಆಸೆಯಿಂದಲ್ಲ. ಅವಸರದಿಂದ. ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವ ಹಾಗೆ. ತುತ್ತು ಗಂಟಲಿಗೆ ಸಿಕ್ಕಿಕೊಳ್ಳುತ್ತಿ‍ತ್ತು. ಕಣ್ಣೀರು ಸುರಿಸುತ್ತ ಅದನ್ನು ಒಳಗೆ ದೂಡುತ್ತಿದ್ದಳು. ಪಾತ್ರೆಯ ತಳ ಬೆರಳಿನಿಂದ ಬಳಿದಳು. ನೆಕ್ಕಿದಳು. ಮತ್ತೆ ಬಳಿದಳು.

ಶಿವರಾಮು ಕದ ಹಿಡಿದು ನಿಂತ.

ಅವಳು ತಿರುಗಲಿಲ್ಲ. ಗೋಡೆಗೆ ಹೇಳುವ ಹಾಗೆ ಕೇಳಿದಳು. "ಕೂಸಿಗೆ ಕೊಟ್ಟಾ?"

"ಇಲ್ಲ."

"ದೀಪಂಗೆ?"

"ಇಲ್ಲ."

ಉಸಿರು ಬಿಟ್ಟಳು. ಆ ಉಸಿರಿಗೆ ನಡುಮನೆಯ ದೀಪದ ಕುಡಿ ಬಗ್ಗಿತು. "ನೀನು?"

ನಾಲಿಗೆಯ ಮೇಲೆ ಹುಳಿ ಇನ್ನೂ ಇತ್ತು. ಅಂಗೈ ಉರಿಯುತ್ತಿತ್ತು. ಅದನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಅವಳಿಗೆ ತಿಳಿಯಿತು. ಹಣೆಯನ್ನು ಗೋಡೆಗೆ ಚಚ್ಚಿಕೊಂಡಳು. ಮತ್ತೆ ಚಚ್ಚಿಕೊಂಡಳು. ಅವಳು ಅತ್ತದ್ದು ಮನುಷ್ಯರ ಅಳುವಿನ ಹಾಗಿರಲಿಲ್ಲ. ಕರು ಸತ್ತ ಹಸುವಿನ ಗಂಟಲಿನಿಂದ ಬರುವ ಸದ್ದಿನ ಹಾಗಿತ್ತು. ದೀಪ ಆರಿತು. ಕರೆಂಟು ಬಂತು. ಮೂಲೆಯಲ್ಲಿ ನೀಲಿ ಸೀರೆ ಮುದ್ದೆಯಾಗಿ ಬಿದ್ದಿತ್ತು, ಪಕ್ಕದಲ್ಲಿ ತೊಳೆದಿಟ್ಟಂತೆ ಹೊಳೆಯುವ ಖಾಲಿ ಪಾತ್ರೆ.

ನೆಲುವಿನ ಕುಡಿಕೆ ಮಾತ್ರ ಗಂಟಲಮಟ್ಟ ತುಂಬಿತ್ತು. ಅವನು ಅದರಿಂದ ಕಿತ್ತು ತೆಗೆದ ಗುರುತೇ ಇರಲಿಲ್ಲ.

ಹೊರಗೆ ಬಂದು, "ಬೆಕ್ಕು ಎಲ್ಲಾನೂ ಉರುಳುಸ್ಬುಡ್ತು ಕಣವ್ವ," ಎಂದ. ಆ ಇಬ್ಬರೂ ಪುಟ್ಟಮಾದಮ್ಮನ ಮನೆಯಲ್ಲಿ ಉಂಡು ಅಲ್ಲೇ ಮಲಗಿದರು. ಬೆಳಿಗ್ಗೆ ಬಸ್ಸು ಹತ್ತುವಾಗ ದೀಪಿಕಳ ಮುಖ ಎಷ್ಟೋ ಹಗುರಾಗಿತ್ತು. ಕುಲಾವಿಯ ಗಂಟನ್ನು ಎದೆಗೆ ಒತ್ತಿಕೊಂಡು, "ದೀಪಾವಳಿಗೆ ಬರ್ತೀವಿ ಅಪ್ಪ. ಮದ್ವೆ ಆದ್ಮೇಲೆ ತವರಿನ ಹಬ್ಬ ನಾನು ಕಂಡಿದ್ದೇ ಇಲ್ಲ," ಎಂದಳು.

ಬಸ್ಸು ಹೋದ ಮೇಲೆ ಅವನು ಚಿಕ್ಕವ್ವನ ಜಗಲಿಯ ಮೇಲೆ ಕುಸಿದ.

"ಈಗ್ ಯೋಳು," ಎಂದ.

ಪುಟ್ಟಮಾದಮ್ಮ ಬಾಗಿದ ಬೆನ್ನನ್ನು ಗೋಡೆಗೆ ಆನಿಸಿ ಕೂತಳು. "ಅದು ನಿಮ್ಮವ್ವಂದು ಕಣ್ಲಾ. ನಮ್ಮಕ್ಕಂದು. ನಿಮ್ಮಪ್ಪ ಒಣಗೋದ್ನಲ್ಲ, ಯಾಕೆ ಅನ್ಕಂಡಿದ್ದೀಯ? ದೀಪನ್ ಮದ್ವೆ ಆದ್ ವರ್ಸ ಸಾಯಾಗ ಅವ್ಳು ಸೊಸೆ ಕೈಲಿ ಆ ಕುಡಿಕೇದ ಒಂದ್ ಸಾರು ಕಾಯ್ಸುದ್ಲು. ಒಲೆ ಮ್ಯಾಲೆ ಇಟ್ಟೋರ್ ಕೈಗೆ ಅದು ಅಂಟ್ಕತದೆ. ಬುಡಾಕಿಲ್ಲ."

"ಕುಸುಮ ಯಾರ್ಗೆ ಇಕ್ಕುದ್ಲು?"

"ಯಾರ್ಗೂ ಇಕ್ನಿಲ್ಲ. ಅಮಾಸೆ ಅಮಾಸೆಗೂ ತಾನೇ ಉಣ್ತಿದ್ಲು. ಬುದ್ದಿ ಬ್ಯಾಡ ಅಂದ್ರೂ ಕೈ ತಾನಾಗೇ ಇನ್ನೊಬ್ರ ತಟ್ಟೇಗೆ ಓಯ್ತದಂತೆ ಕಣೋ. ಅದಕ್ಕೇ ಒಬ್ರುನ್ನೂ ಒಸ್ಲು ದಾಟುಸ್ನಿಲ್ಲ. ಬಸುರಿ ಮಗ್ಳುನ್ನ ಬೀದೀಗ್ ನೂಕ್ದೋಳು ಆವತ್ತು ನನ್ ತೊಡೆ ಮ್ಯಾಲೆ ಬಿದ್ದು ಒದ್ದಾಡ್ಬುಟ್ಲು." ಮುದುಕಿ ಮೂಗು ಒರೆಸಿಕೊಂಡಳು. "ನಾನ್ ಸತ್ ಮ್ಯಾಲೆ ಒಂದು ವರ್ಸ ಯಾರೂ ಬಿಚ್ದಿದ್ರೆ ಅದು ಒಣ್ಗೋಯ್ತದೆ ಅತ್ತೆ, ನನ್ ಜೊತೇಲೇ ಮುಗೀತದೆ ಅಂದಿದ್ಲು. ಗಂಡಂಗೆ ನೀನೇ ಯೋಳೆ ಅಂದೆ. ಅವ್ರು ಅವ್ವನ್ನ ದ್ಯಾವ್ರು ಅನ್ಕಂಡವ್ರೆ, ಅದು ಅಂಗೇ ಇರ್ಲಿ ಅಂದ್ಬುಟ್ಲು."

"ದೀಪಂಗಾದ್ರೂ ಯೋಳ್ಬೋದಿತ್ತು."

"ಯೋಳುದ್ರೆ ಬುಟ್ಟೋಗಾಳು ಅನ್ಕಂಡ್ಯಾ? ಕರುಳು ಕಣೋ. ಅವ್ವನ್ನ ಸಾಯಾಕ್ ಬುಡಾಕಿಲ್ಲ ಅಂತ ಓಡಿ ಬರಾಳು. ಆ ಮದ್ದಿಗೂ ಅದೇ ತಾನೆ ಬೇಕಿದ್ದು."

ಶಿವರಾಮು ಸುಮ್ಮನೆ ಕೂಡಲಿಲ್ಲ. ಮದ್ದು ಕಕ್ಕಿಸುವ ಮುದುಕನೊಬ್ಬನನ್ನು ಹುಡುಕಿಕೊಂಡು ಹೋದ, ತೆಂಗಿನಕಾಯಿಯವರನ್ನು ಕಂಡು ನಗುತ್ತಿದ್ದ ಬಾಯಲ್ಲೇ ಕಾಪಾಡಿ ಎಂದು ಬೇಡಿಕೊಂಡ. ಮುದುಕ ಅವನ ಅಂಗೈ ಮೂಸಿ ಹಿಂದೆ ಸರಿದ. "ಉಂಡೋರ್ಗೆ ತೆಗೀಬೋದು ಸ್ವಾಮಿ. ಅದುನ್ನ ಮೈಮ್ಯಾಲೆ ಒತ್ಕಂಡೋರ್ಗೆ ಆಗಾಕಿಲ್ಲ." ಕುಡಿಕೆಗೆ ಕಲ್ಲು ಕಟ್ಟಿ ಶಿಂಷಾ ಹೊಳೆಯ ಮಡುವಿಗೆ ಎಸೆದು ಬಂದ. ಮನೆಗೆ ಬಂದು ನೋಡಿದರೆ ನೆಲುವು ತೂಗುತ್ತಿತ್ತು. ಕುಡಿಕೆಯ ತಳದಿಂದ ಹೊಳೆಯ ನೀರು ತೊಟ್ಟಿಕ್ಕುತ್ತಿತ್ತು.

ದೀಪಾವಳಿಯ ಅಮಾವಾಸ್ಯೆ ಬಂತು. ಬರಬೇಡ ಎಂದು ಮಗಳಿಗೆ ಫೋನಿನಲ್ಲಿ ಹೇಳಿದ್ದ. ಮೈಗೆ ಹುಷಾರಿಲ್ಲ ಎಂದಿದ್ದ. ಹುಷಾರಿಲ್ಲ ಎಂದರೆ ಬಾರದೆ ಇರುತ್ತಾಳೆಯೇ?

"ತಾತಾ!"

ಜಗಲಿಯ ಮೇಲೆ ಪುಟ್ಟ ಕಾಲಿನ ಸದ್ದು. ಶಿವರಾಮು ಅಡಿಗೆಮನೆಯಲ್ಲಿದ್ದ. ತನಗೆಂದು ಮುದ್ದೆ ಕಟ್ಟುತ್ತಿದ್ದ, ಅಷ್ಟೇ ಎಂದುಕೊಂಡಿದ್ದ. ಮಗುವಿನ ದನಿ ಕೇಳಿ ಕೆಳಗೆ ನೋಡಿದ. ಧೂಳು ಹಿಡಿದು ಬೋರಲು ಬಿದ್ದಿದ್ದ ತಟ್ಟೆಗಳಲ್ಲಿ ಒಂದು ಸಣ್ಣದನ್ನು ಯಾರೋ ತೊಳೆದಿದ್ದರು. ಅದರಲ್ಲಿ ಒಂದು ಪುಟ್ಟ ಮುದ್ದೆ. ಮಗುವಿನ ಬಾಯಿಗೆ ಹಿಡಿಸುವ ಹಾಗೆ ತುತ್ತು ತುತ್ತಾಗಿ ಮುರಿದಿತ್ತು. ಒಂದೊಂದು ತುತ್ತಿನ ನಡುವೆಯೂ ಸಾಸಿವೆ ಕಾಳಿನಷ್ಟು ಕಪ್ಪು. ಬಲಗೈ ಬೆರಳುಗಳ ತುದಿ ಕಪ್ಪಾಗಿತ್ತು. ಆ ಕೈ ಇನ್ನೂ ಉಂಡೆ ಕಟ್ಟುತ್ತಿತ್ತು. ನಿಲ್ಲು ಎಂದ. ನಿಲ್ಲಲಿಲ್ಲ.

ಎಡಗೈಯಿಂದ ಬಲಗೈ ಹಿಡಿದು ಓಡಿದ. ದೀಪಿಕ ಹೊಸ್ತಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದಳು. ಕೈಯಲ್ಲಿ ಹೊಸ ಪಂಚೆ, ಒಬ್ಬಟ್ಟಿನ ಡಬ್ಬಿ. ಬಿಂದು ಸುರ್‌ಸುರ್ ಬತ್ತಿಯ ಪೊಟ್ಟಣ ಎತ್ತಿ ತೋರಿಸಿ ನಕ್ಕಳು. ಒಂದು ಕಾಲು ಆಗಲೇ ಹೊಸ್ತಿಲ ಮೇಲಿತ್ತು.

"ಈ ಒಸ್ಲು ತುಳೀಬ್ಯಾಡ," ಎಂದ.

ದೀಪಿಕಳಿಗೆ ಅರ್ಥವಾಗಲಿಲ್ಲ. "ಅಪ್ಪ?"

ಬೇರೆ ಮಾತು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕುಸುಮ ಆಡಿದ್ದು ಮಾತ್ರ. "ನಿಂಗೆ ತವರು ಸತ್ತೋಯ್ತು ಅನ್ಕೋ. ನಡಿ. ಇನ್ಯಾವತ್ತೂ ಈ ಬಾಗ್ಲಿಗೆ ಬರ್ಬ್ಯಾಡ."

ಮಗು ತುಟಿ ಉಬ್ಬಿಸಿತು. ದೀಪಿಕಳ ಮುಖದಲ್ಲಿ ಮೊದಲು ದಿಗಿಲು, ಆಮೇಲೆ ಹಳೆಯ ಗಾಯ ಬಾಯಿ ಬಿಟ್ಟದ್ದು ಎರಡೂ ಕಂಡವು. ಮಗುವನ್ನು ಎತ್ತಿಕೊಂಡಳು.

"ನೀನೂ ಅವ್ವನಂಗೇ ಆಗೋದೆ," ಎಂದಳು.

ಅವನು ಬಾಗಿಲು ಹಾಕಿ ಚಿಲಕ ಎಳೆದ. ಕದಕ್ಕೆ ಬೆನ್ನು ಕೊಟ್ಟು ನಿಂತ. ಅವ್ವನಂಗೇ ಎಂದಳು. ಆ ಅವ್ವನನ್ನೇ ಅಲ್ಲವೇ ನಾನು ಈ ಬಾಯಲ್ಲಿ ಬೈದದ್ದು, ಎಂದುಕೊಂಡ. ಹೊರಗೆ ಮಗು ಕದ ಬಡಿಯಿತು, ತಾತ ಎಂದು ಕರೆಯಿತು, ಮತ್ತೆ ಬಡಿಯಿತು. ಆಮೇಲೆ ಹೆಜ್ಜೆಯ ಸದ್ದು ದೂರವಾಯಿತು. ಮಳವಳ್ಳಿ ಕಡೆಯ ಬಸ್ಸಿನ ಹಾರ್ನ್ ಕೇಳಿಸಿತು.

ಅಡಿಗೆಮನೆಗೆ ಹೋದ. ನೆಲುವು ತೂಗುತ್ತಿತ್ತು. ಪುಟ್ಟ ತಟ್ಟೆಯನ್ನು ಎತ್ತಿಕೊಂಡು ಮೂಲೆಯಲ್ಲಿ ಕೂತು ಗೋಡೆಗೆ ಹಣೆ ಊರಿದ. ಅವನ ಹಣೆ ಕುಸುಮಳ ಕಲೆಗಿಂತ ಒಂದು ಗೇಣು ಮೇಲೆ ಮುಟ್ಟಿತು. ಅಲ್ಲಿ ಗೋಡೆ ಇನ್ನೂ ಬೆಳ್ಳಗಿತ್ತು. ಮೊಮ್ಮಗಳಿಗೆಂದು ಮುರಿದಿದ್ದ ಮೊದಲ ತುತ್ತನ್ನು ಬಾಯಿಗೆ ಇಟ್ಟುಕೊಂಡು ನುಂಗಿದ.